ಕಟ್ಟೆಯಿಲ್ಲದ ಬಡಾವಣೆಗಳು

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕಾಲಕ್ಕೆ ಕಬ್ಬಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಈಗ ಕಬ್ಬಿನ ನಡುನಡುವೆ ಕಮಾನುಗಳು ಎದ್ದಿವೆ. ಕಮಾನಿನ ಹಿಂದೆ ಗರಸು ಹಾಸಿದ ರಸ್ತೆ, ಬಿಳಿಯ ಗಡಿಕಲ್ಲುಗಳು, ಒಂದೆರಡು ವಿದ್ಯುತ್ ಕಂಬಗಳು. ಫಲಕದ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ನಗುತ್ತಿರುತ್ತಾರೆ. ಬನಹಟ್ಟಿಯ ಕಡೆಗೆ ಹೋದರೂ, ಬೀಳಗಿಯ ಹೊರವಲಯಕ್ಕೆ ಬಂದರೂ ಇದೇ ಚಿತ್ರ. ಅದರಲ್ಲಿ ಅಜ್ಜ ಅಜ್ಜಿಯರಿಗೆ ಸ್ಥಳವಿಲ್ಲ. ನನ್ನ ವಯಸ್ಸಿನವರು ಅದನ್ನೇ ಮೊದಲು ಹುಡುಕುತ್ತೇವೆ.

ಬಡಾವಣೆಗಳೇ ಬೇಡವೆಂಬುದು ನನ್ನ ವಾದವಲ್ಲ. ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ಕೆಲಸ ಮಾಡುವ ಯುವ ದಂಪತಿಗೆ ನೀರು, ಚರಂಡಿ, ಮಕ್ಕಳ ಆಟಕ್ಕೆ ಜಾಗ ಬೇಕು. ಎತ್ತಿನ ಗಾಡಿಯ ಅಳತೆಗೆ ಹುಟ್ಟಿದ ಹಳೆಯ ಓಣಿ ಇವನ್ನು ಕೊಡಲಾರದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಅಡಿಯಲ್ಲಿ ಜಮೀನನ್ನು ‘ಎನ್.ಎ.’ ಮಾಡಿಸಿ, ನಕ್ಷೆಗೆ ಮಂಜೂರಾತಿ ಪಡೆದು, ಉದ್ಯಾನಕ್ಕೆ ಜಾಗ ಬಿಟ್ಟರೆ ಕಾನೂನು ತೃಪ್ತವಾಗುತ್ತದೆ. ಆದರೆ ಕುಟುಂಬವೊಂದು ನೆಮ್ಮದಿಯಿಂದ ಬಾಳಲು ಇಷ್ಟು ಸಾಕೆ?

ಖಾಸಗಿಯವರನ್ನಷ್ಟೇ ದೂರಿದರೆ ಅಪ್ರಾಮಾಣಿಕತೆಯಾದೀತು. ಈ ಸೀಮೆಯಲ್ಲಿ ಅವರಿಗಿಂತ ಮೊದಲೇ, ಅವರಿಗಿಂತ ದೊಡ್ಡ ಪ್ರಮಾಣದಲ್ಲಿ ನಿವೇಶನ ಹಂಚಿದ್ದು ಸರ್ಕಾರ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟೆಯ ಹಿನ್ನೀರು ಬಾಗಲಕೋಟೆ ಪಟ್ಟಣದ ಬಹುಭಾಗವನ್ನೂ ಬೀಳಗಿ, ಜಮಖಂಡಿ ಸೀಮೆಯ ಅನೇಕ ಹಳ್ಳಿಗಳನ್ನೂ ಎಬ್ಬಿಸಿತು. ಪುನರ್ವಸತಿಯ ಕೊರತೆಯ ಕಾರಣಕ್ಕೆ 1990ರ ದಶಕದಲ್ಲಿ ವಿಶ್ವಬ್ಯಾಂಕ್ ಈ ಯೋಜನೆಗೆ ಸಾಲದ ಹಣವನ್ನು ತಡೆಹಿಡಿದದ್ದೂ ಉಂಟು. ಆ ದಶಕದಲ್ಲಿಯೇ ನಾನು ಕೆಲವು ವರ್ಷ ಪುನರ್ವಸತಿಯ ಕೆಲಸದಲ್ಲಿದ್ದೆ.

ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ನಾವು ಚೀಟಿ ಎತ್ತಿ ನಿವೇಶನ ಹಂಚಿದೆವು. ಪಕ್ಷಪಾತದ ಆರೋಪಕ್ಕೆ ಎಡೆಯಿಲ್ಲದ ವಿಧಾನವಿದು ಎಂದು ಕಡತದಲ್ಲಿ ಟಿಪ್ಪಣಿ ಬರೆದವನು ನಾನೇ. ಆರೋಪ ಬರಲಿಲ್ಲವೆಂಬುದು ನಿಜ. ಕೆಲವು ವರ್ಷಗಳ ಬಳಿಕ ಬೇರೊಂದು ಕೆಲಸಕ್ಕೆ ಆ ಮಾರ್ಗವಾಗಿ ಹೋದಾಗ ಜೀಪು ನಿಲ್ಲಿಸಿ ಒಳಗೆ ಹೋದೆ. ರಸ್ತೆ ಅಗಲವಾಗಿತ್ತು, ಚರಂಡಿ ನೇರವಾಗಿತ್ತು. ಹೊಸ್ತಿಲ ಮೇಲೆ ಕುಳಿತಿದ್ದ ಮುದುಕಿಯೊಬ್ಬರು ನನ್ನ ಗುರುತು ಹಿಡಿದು, ‘ಮನಿ ಚಲೋ ಐತ್ರಿ ಸಾಹೇಬ್ರ. ಮಂದಿ ಇಲ್ರಿ. ನಮ್ಮ ಬಾಜೂ ಮನಿಯಾಕಿ ಆ ತುದಿಗೆ ಹೋದ್ಲು, ನಾ ಈ ತುದಿಗೆ ಬಂದ್ನಿ. ಕೂಡಾಕ ಒಂದು ಕಟ್ಟೀನೂ ಇಲ್ಲ’ ಎಂದರು.

ಹಳೆಯ ಊರಿನಲ್ಲಿ ಅವರ ಸೊಸೆ ಹೊಲದ ಕೂಲಿಗೆ ಹೋದಾಗ ಪಕ್ಕದ ಮನೆಯಾಕೆ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಹೊಸ ಊರಿನಲ್ಲಿ ನೋಡಿಕೊಳ್ಳುವವರಿಲ್ಲ. ಮುದುಕಿಗೆ ಕಣ್ಣು ಮಂಜಾಗಿತ್ತು. ಸೊಸೆ ಕೂಲಿ ಬಿಟ್ಟಳು. ನಾವು ಮನೆಗೆ, ಮರಕ್ಕೆ, ಬಾವಿಗೆ ಬೆಲೆ ಕಟ್ಟಿ ಪರಿಹಾರ ಕೊಟ್ಟಿದ್ದೆವು. ಪಕ್ಕದ ಮನೆಯಾಕೆಗೆ ಬೆಲೆ ಕಟ್ಟಿರಲಿಲ್ಲ. ಅರ್ಥಶಾಸ್ತ್ರದ ಎಂ.ಎ. ಪಾಠಗಳಲ್ಲಿ ನಾನು ಓದಿದ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿಯೂ ಆಕೆ ಇರಲಿಲ್ಲ. ಸ್ಥಳಾಂತರಗೊಂಡವರು ಬಡತನಕ್ಕೆ ಜಾರುವ ಎಂಟು ದಾರಿಗಳನ್ನು ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ಗುರುತಿಸಿದ್ದಾರೆ. ಭೂಮಿ, ಉದ್ಯೋಗ, ಮನೆ ಕಳೆದುಕೊಳ್ಳುವುದರ ಜೊತೆಗೆ ನೆರೆಹೊರೆಯ ನಂಟು ಹರಿದುಹೋಗುವುದೂ ಅದರಲ್ಲಿ ಒಂದು. ನಾನು ಅದನ್ನು ಓದಿದ್ದು ಚೀಟಿ ಎತ್ತಿದ ಎಷ್ಟೋ ವರ್ಷಗಳ ಮೇಲೆ.

ಬಾಗಲಕೋಟೆಯ ನವನಗರ ಇಂದು ಸಾಕಷ್ಟು ಹಿತವಾದ ಊರು ಎಂಬುದನ್ನು ಒಪ್ಪಿಕೊಳ್ಳಬೇಕು. ಮರಗಳು ಬೆಳೆದಿವೆ, ಸಂಜೆ ಜನ ಕುಟುಂಬಸಮೇತ ಅಡ್ಡಾಡುತ್ತಾರೆ. ಆದರೆ ಅಲ್ಲಿಗೆ ಜಿಲ್ಲಾಡಳಿತದ ಕಚೇರಿಗಳು ಬಂದವು, ವೈದ್ಯಕೀಯ ಕಾಲೇಜು ಬಂದಿತು, ಜೊತೆಗೆ ದುಡಿಮೆಯೂ ಬಂದಿತು. ಅಷ್ಟಾಗಿಯೂ ಊರೆನ್ನಿಸಿಕೊಳ್ಳಲು ಅದಕ್ಕೆ ಹತ್ತಿಪ್ಪತ್ತು ವರ್ಷ ಹಿಡಿಯಿತು. ಹಳ್ಳಿಗಳ ಪುನರ್ವಸತಿ ಕೇಂದ್ರಗಳಿಗೆ ಆ ಭಾಗ್ಯವಿಲ್ಲ. 2009ರ ಪ್ರವಾಹದ ಬಳಿಕ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಹಲವು ಮನೆಗಳಿಗೆ ಬೀಗ ಬಿದ್ದೇ ಇತ್ತು. ಹೊಲ, ದನ, ದೈವ ಎಲ್ಲವೂ ಹಳೆಯ ಊರಿನಲ್ಲಿದ್ದವು. ಜನ ಅಲ್ಲಿಯೇ ಉಳಿದರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಮತ್ತೆ ಉಕ್ಕಿದಾಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ನದೀತೀರದವರು ಮತ್ತೆ ನೀರಿನಲ್ಲಿ ನಿಂತರು. ಮೊಂಡುತನವೆಂದು ಅಧಿಕಾರಿಗಳು ಬೇಸರಿಸುವುದುಂಟು. ನಾನೂ ಹಾಗೆ ಬೇಸರಿಸಿದವನೇ.

ಇದಕ್ಕೆ ಬದಲಾದ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ರಬಕವಿಯ ಅಥವಾ ಬನಹಟ್ಟಿಯ ಯಾವುದೇ ನೇಕಾರರ ಓಣಿಗೆ ಹೋಗಿ. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಅಡುಗೆ. ಅಜ್ಜಿ ಕಂಡಿಕೆ ಸುತ್ತುತ್ತಲೇ ಕಾಲಿನಿಂದ ತೊಟ್ಟಿಲು ತೂಗುತ್ತಾಳೆ. ಶಾಲೆಯಿಂದ ಬಂದ ಹುಡುಗನ ಮೇಲೆ ಓಣಿಯ ಹತ್ತು ಜನರ ಕಣ್ಣಿರುತ್ತದೆ. ವಿದ್ಯುತ್ ಮಗ್ಗಗಳ ಸದ್ದು, ಹತ್ತಿಯ ಧೂಳು, ಇಕ್ಕಟ್ಟು, ಎಷ್ಟು ದುಡಿದರೂ ಏರದ ಕೂಲಿ ಎಲ್ಲವೂ ಅಲ್ಲಿವೆ. ಅದನ್ನು ಸ್ವರ್ಗವೆಂದು ಬಣ್ಣಿಸಿದರೆ ನೇಕಾರರು ನಕ್ಕಾರು. ಆದರೆ ಮುದುಕರೂ ಮಕ್ಕಳೂ ಒಂಟಿಯಾಗದಂತೆ ಮನೆಯವರು ದುಡಿಯುವ ಉಪಾಯ ಆ ಮನೆಯ ರಚನೆಯಲ್ಲಿಯೇ ಅಡಗಿದೆ. ಹೊಸ ಬಡಾವಣೆಗಳಲ್ಲಿ ಮಗ್ಗಕ್ಕೆ ಜಾಗವಿಲ್ಲ, ಎಮ್ಮೆಗೆ ಜಾಗವಿಲ್ಲ, ರಸ್ತೆಗೆ ಮುಖ ಮಾಡಿದ ಕಟ್ಟೆಗೂ ಜಾಗವಿಲ್ಲ. ಗೋಡೆ ಮತ್ತು ಗೇಟಿಗೆ ಮಾತ್ರ ಜಾಗವಿದೆ. ಹಿರಿಯರು ಎಲ್ಲಿ ಕೂರಬೇಕೆಂದು ಇತ್ತೀಚೆಗೆ ನಿವೇಶನ ತೋರಿಸುತ್ತಿದ್ದ ಯುವಕನೊಬ್ಬನನ್ನು ಕೇಳಿದೆ. ಆತ ನಕ್ಷೆಯ ಮೂಲೆಯಲ್ಲಿದ್ದ ಹಸಿರು ಚೌಕದ ಮೇಲೆ ಬೆರಳಿಟ್ಟ. ಮೊಣಕಾಲು ನೋವಿನವರು ಅಲ್ಲಿಗೆ ತಲುಪುವಷ್ಟರಲ್ಲಿ ಸಂಜೆ ಮುಗಿದಿರುತ್ತದೆ.

ಈ ಮಾತು ಈಗೇಕೆಂದರೆ, ಚೀಟಿ ಎತ್ತುವ ಕಾಲ ಮತ್ತೆ ಹತ್ತಿರವಾಗಿದೆ. ಆಲಮಟ್ಟಿಯಲ್ಲಿ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಅಂದಿನಿಂದ ಚರ್ಚೆಯೆಲ್ಲ ಎಕರೆಯ ದರದ ಸುತ್ತಲೇ ನಡೆದಿದೆ. ದರ ಮುಖ್ಯವಲ್ಲವೆಂದು ಪಿಂಚಣಿ ಪಡೆಯುವ ನಾನು ಹೇಳಲಾರೆ. ಆದರೆ ಹಣ ಕೈಗೆ ಬಂದ ಮೇಲೆ ಈ ಜನ ಮನೆ ಕಟ್ಟುವುದು ಎಲ್ಲಿ, ಯಾರ ಪಕ್ಕದಲ್ಲಿ?

ನನ್ನ ಸಲಹೆಗೆ ಹೆಚ್ಚಿನ ಖರ್ಚಿಲ್ಲ. ಚೀಟಿಯನ್ನು ಮನೆಗೊಂದರಂತೆ ಎತ್ತದೆ, ತಾವಾಗಿಯೇ ಕೂಡಿಕೊಂಡ ನಾಲ್ಕೈದು ಮನೆಗಳ ಗುಂಪಿಗೊಂದರಂತೆ ಎತ್ತಬಹುದು. ನಿಷ್ಪಕ್ಷಪಾತವೂ ಉಳಿದೀತು, ನೆರೆಯೂ ಉಳಿದೀತು. ಗುಂಪಿಗೊಂದು ಬೇವಿನ ಗಿಡವನ್ನೂ ಕಲ್ಲಿನ ಕಟ್ಟೆಯನ್ನೂ ಜನ ಬರುವ ಮೊದಲೇ ಮಾಡಿಡಬಹುದು. ಮಗ್ಗವಿರುವವರಿಗೆ ಮಗ್ಗದ, ದನವಿರುವವರಿಗೆ ಕೊಟ್ಟಿಗೆಯ ಅಳತೆ ಸೇರಿಸಿ ನಿವೇಶನ ಗುರುತಿಸಬಹುದು. ಇದಕ್ಕೆ ಬೇಕಾದದ್ದು ಸಮೀಕ್ಷೆಯ ನಮೂನೆಯಲ್ಲಿ ಒಂದೇ ಒಂದು ಹೆಚ್ಚಿನ ಕಾಲಂ: ‘ನಿಮ್ಮ ಹತ್ತಿರ ಯಾರ ಮನೆ ಇರಬೇಕು?’ ನಾನು ಸಿದ್ಧಪಡಿಸಿದ ನಮೂನೆಯಲ್ಲಿ ಬಾಗಿಲುಗಳ ಸಂಖ್ಯೆಗೂ ಕಾಲಂ ಇತ್ತು, ಹಿತ್ತಲಿನ ನಿಂಬೆ ಗಿಡಗಳ ಸಂಖ್ಯೆಗೂ ಇತ್ತು. ಇದಕ್ಕೆ ಇರಲಿಲ್ಲ.