ಹೆಸರಿಡುವ ಮೊದಲು ಗುರುತು ಹಿಡಿಯೋಣ

ದೆಹಲಿ, ನೊಯ್ಡಾ, ಗುರುಗ್ರಾಮಗಳ ಕನ್ನಡ ಮನೆಗಳ ಬಾಲ್ಕನಿಗಳಲ್ಲಿ ಒಮ್ಮೊಮ್ಮೆ ಗಿಳಿಯ ಪಂಜರ ತೂಗುವುದುಂಟು. ಹಕ್ಕಿ ಬಂದ ದಿನವೇ ಅದಕ್ಕೊಂದು ಹೆಸರಾಗುತ್ತದೆ. ಮರುದಿನದಿಂದ ಕನ್ನಡದ ಪಾಠ ಮೊದಲಾಗುತ್ತದೆ. ಸುತ್ತಲೂ ಹಿಂದಿಯೇ ಕೇಳಿಬರುವ ಊರಿನಲ್ಲಿ ನಮ್ಮ ನುಡಿಯಾಡುವ ಕೊರಳು ಇನ್ನೊಂದಿರಲಿ ಎಂಬ ಆಸೆ ನಮಗೆ ಅಪರಿಚಿತವಲ್ಲ. ಆದರೆ ಹೆಸರಿಡುವ ಮೊದಲು ಆಗಬೇಕಾದ ಕೆಲಸವೊಂದಿದೆ: ಬಂದ ಹಕ್ಕಿ ಯಾವುದು, ಎಲ್ಲಿಂದ ಬಂದುದು ಎಂದು ತಿಳಿಯುವುದು. ಆರೈಕೆ ಅಲ್ಲಿಂದಲೇ ಆರಂಭವಾಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಹಸಿರು ಮೈ, ಕೆಂಪು ಕೊಕ್ಕು, ಬಾಲವೂ ಸೇರಿ ಸುಮಾರು 40 ಸೆಂಟಿಮೀಟರ್ ಉದ್ದ ಇದ್ದರೆ ಅದು ನಮ್ಮ ಊರುಗಳಲ್ಲೂ ಕಾಣುವ ಸಾಮಾನ್ಯ ಗಿಳಿ. ಕೊರಳ ಕಪ್ಪು-ಗುಲಾಬಿ ಪಟ್ಟಿ ಪ್ರಾಯಕ್ಕೆ ಬಂದ ಗಂಡಿಗೆ ಮಾತ್ರ. ಆದ್ದರಿಂದ ಪಟ್ಟಿಯಿಲ್ಲದ್ದೆಲ್ಲ ಹೆಣ್ಣೆಂದು ತಿಳಿಯಬಾರದು. ಗಾತ್ರ ಇನ್ನೂ ದೊಡ್ಡದಾಗಿ, ಹೆಗಲ ಮೇಲೆ ಕೆಂಗಂದು ಮಚ್ಚೆಯಿದ್ದರೆ ಅದು ಇಲ್ಲಿನವರು 'ಪಹಾಡಿ ತೋತಾ' ಎನ್ನುವ ಅಲೆಕ್ಸಾಂಡ್ರೈನ್ ಗಿಳಿ. ಇವೆರಡೂ ಈ ನೆಲದ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇವನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಅಪರಾಧ. ಅಂಗಡಿಗಳಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಪುಟ್ಟ ಬಜರಿಗರ್, ಜುಟ್ಟಿನ ಕಾಕಟೀಲ್ ಇವು ಆಸ್ಟ್ರೇಲಿಯಾ ಮೂಲದವು, ಇವನ್ನು ಸಾಕಬಹುದು. ಮಕಾವ್, ಆಫ್ರಿಕದ ಬೂದುಗಿಳಿಗಳಂಥವಕ್ಕೆ 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಣಿಯಾಗಬೇಕು.

ಕಾಯಿದೆಯ ಮಾತು ಒಣಮಾತೆನಿಸಿದರೆ ಸಾಹಿತ್ಯವನ್ನೇ ಕೇಳೋಣ. ನಾಗವರ್ಮ ಕನ್ನಡಕ್ಕೆ ತಂದ ಬಾಣನ 'ಕಾದಂಬರಿ'ಯಲ್ಲಿ ಶೂದ್ರಕನ ಆಸ್ಥಾನಕ್ಕೆ ಗಿಳಿಯೊಂದು ಪಂಜರದಲ್ಲಿ ಬರುತ್ತದೆ. ಬೇಡನೊಬ್ಬ ಮರವೇರಿ ಗಿಳಿಗಳನ್ನು ಕೊಂದುದು, ತಂದೆಯ ರೆಕ್ಕೆಯ ಮರೆಯಲ್ಲಿ ತಾನು ಉಳಿದುದು ಅದು ಹೇಳುವ ಕಥೆ. ಇಂದು ಕಳ್ಳತನದಲ್ಲಿ ಮಾರಾಟವಾಗುವ ಗಿಳಿಮರಿಗಳ ಹಿಂದೆಯೂ ಪೊಟರೆಗೆ ಕೈಹಾಕಿದವನೊಬ್ಬ ಇರುತ್ತಾನೆ. ಶೂದ್ರಕ ಗಿಳಿಯ ಮಾತಿಗೆ ಬೆರಗಾಗಿ ಸುಮ್ಮನಾಗಲಿಲ್ಲ, ಅದರ ಪೂರ್ವಕಥೆಯನ್ನೂ ಕೇಳಿದ. ನಾವು ಬೆರಗಿನಲ್ಲೇ ನಿಲ್ಲುತ್ತೇವೆ.

ಪ್ರೀತಿಯಿಂದಲೇ ಸಾಕುತ್ತೇವಲ್ಲ, ಹೊರಗೆ ಬಿಟ್ಟರೆ ಅದು ಬದುಕೀತೇ ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ನ್ಯಾಯವಾದುದೇ. ರೆಕ್ಕೆಯ ಗರಿ ಕತ್ತರಿಸಿದ, ಬೆಕ್ಕು-ಹದ್ದುಗಳ ಭಯವರಿಯದ ಹಕ್ಕಿಯನ್ನು ಕಿಟಕಿಯಿಂದ ಹಾರಿಬಿಡುವುದು ಕರುಣೆಯಲ್ಲ. ನಡುದಾರಿಯೊಂದಿದೆ: ಇಂಥ ಹಕ್ಕಿ ಕೈಸೇರಿದರೆ 48 ಗಂಟೆಗಳೊಳಗೆ ಅರಣ್ಯಾಧಿಕಾರಿಗಳಿಗೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಗಾಯಗೊಂಡ ಹಕ್ಕಿಗೆ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆ ಇದೆ. ಅಲ್ಲಿ ಚಿಕಿತ್ಸೆ ಧರ್ಮಾರ್ಥ.

ಒಪ್ಪಿಸುವವರೆಗಿನ ಆರೈಕೆಯೂ, ಸಾಕಲು ಅನುಮತಿಯಿರುವ ಗಿಳಿಗಳ ಪಾಲನೆಯೂ ತಿಳಿವಳಿಕೆ ಬೇಡುತ್ತವೆ. ಹಸಿಮೆಣಸಿನಕಾಯಿ, ಸೂರ್ಯಕಾಂತಿ ಬೀಜ ಇಷ್ಟೇ ಆಹಾರವಾದರೆ ಎ ಜೀವಸತ್ವದ ಕೊರತೆ ಕಾಡುತ್ತದೆ. ಸೊಪ್ಪು, ಕ್ಯಾರೆಟ್, ಹಣ್ಣು, ಧಾನ್ಯ ಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ವಿಷ. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಕ್ಷಣಗಳಲ್ಲಿ ಕೊಲ್ಲಬಲ್ಲದು. ಜೂನಿನ ಲೂ ಗಾಳಿಗೂ ಜನವರಿಯ ಚಳಿಗೂ ದೀಪಾವಳಿಯ ಹೊಗೆಗೂ ಬಾಲ್ಕನಿ ತಕ್ಕ ತಾಣವಲ್ಲ. ರೆಕ್ಕೆ ಪೂರ್ತಿ ಬಿಚ್ಚಲಾಗದ ಗುಂಡು ಪಂಜರ ಎಷ್ಟು ಚೆಂದವಿದ್ದರೂ ಬೇಡ. ಗಿಳಿ ತನ್ನ ಕಾಯಿಲೆಯನ್ನು ಮರೆಮಾಚುತ್ತದೆ. ಗರಿಯುಬ್ಬಿಸಿ ಮಂಕಾಗಿ ಕುಳಿತರೆ ಅಂದೇ ವೈದ್ಯರಿಗೆ ತೋರಿಸಬೇಕು.

2015ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ, ಆಕಾಶದಲ್ಲಿ ಹಾರುವುದು ಪಕ್ಷಿಗಳ ಮೂಲಭೂತ ಹಕ್ಕು ಎಂಬ ಅಭಿಪ್ರಾಯವನ್ನು ಒಂದು ಆದೇಶದಲ್ಲಿ ವ್ಯಕ್ತಪಡಿಸಿತು. ಹಕ್ಕಿಗೂ ಹಕ್ಕಿದೆ ಎಂಬುದು ಕನ್ನಡದ ಕಿವಿಗೆ ಸಹಜವಾಗಿಯೇ ಕೇಳುತ್ತದೆ. ಈ ನಗರದಲ್ಲಿ ಗಿಳಿ ನೋಡಲು ಪಂಜರವೂ ಬೇಕಿಲ್ಲ: ಲೋಧಿ ಉದ್ಯಾನದ ಗುಮ್ಮಟಗಳ ಬಳಿ ಸಂಜೆ ನಿಂತರೆ ಸಾಕು, ಹಿಂಡುಹಿಂಡಾಗಿ ಕಾಣುತ್ತವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆ ಹಕ್ಕಿಗಳ ಕಥೆಯನ್ನು ಕನ್ನಡದಲ್ಲಿ ಹೇಳೋಣ. ಗಿಳಿಗೆ ಕಲಿಸಿದ ಎರಡು ಮಾತು ಗಿಳಿಪಾಠವಾಗಿಯೇ ಉಳಿಯುತ್ತದೆ. ನುಡಿ ಮುಂದುವರಿಯುವುದು ಮಕ್ಕಳ ಬಾಯಲ್ಲಿ.