ಬರಕ್ಕೆ ಮುನ್ನವೇ ಕಣಜ

ಸರ್ಕಾರದ ಬೊಕ್ಕಸ ಬರಿದಾದಾಗ ಮೊದಲು ಕತ್ತರಿ ಬೀಳುವುದು ಯಾರ ಪಾಲಿಗೆ? ಇದು ಅರ್ಥಶಾಸ್ತ್ರಜ್ಞರ ಪ್ರಶ್ನೆಯೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಾದ ನಾವು ಸುಮ್ಮನಿರುವಂತಿಲ್ಲ. ಇದರ ಉತ್ತರವನ್ನು ಈ ನೆಲ ಎರಡು ಬಾರಿ ಕಂಡಿದೆ.

1991ರಲ್ಲಿ ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿದೇಶಿ ಬ್ಯಾಂಕುಗಳಲ್ಲಿ ಅಡವಿಟ್ಟಿತು. ಅಷ್ಟು ಚಿನ್ನದ ಹಿಂದಿರುವ ಬೆವರು ಎಷ್ಟೆಂಬುದನ್ನು ಹಟ್ಟಿ ಗಣಿಯ ಕಾರ್ಮಿಕರಿಗೆ ಹೇಳಬೇಕಾಗಿಲ್ಲ. ಅದೇ ಜುಲೈನ ಮುಂಗಡಪತ್ರವು ಕೊರತೆ ತಗ್ಗಿಸಲೆಂದು ರಸಗೊಬ್ಬರದ ಬೆಲೆಯನ್ನು ಶೇ. 40ರಷ್ಟು ಏರಿಸಿತು. ವಿರೋಧ ಎದ್ದ ಮೇಲೆ ಏರಿಕೆಯನ್ನು ಶೇ. 30ಕ್ಕೆ ಇಳಿಸಿ ಸಣ್ಣ ರೈತರಿಗೆ ವಿನಾಯಿತಿ ಘೋಷಿಸಲಾಯಿತು. ಪಡಿತರ ಸಕ್ಕರೆಯೂ ಕಿಲೋಗೆ 85 ಪೈಸೆ ಏರಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ಗೊಬ್ಬರದ ಬೆಲೆಯೆಂದರೆ ಸಾಲದ ಲೆಕ್ಕವೇ. ದೇಶದ ಸಂಕಟ ನಿಜವಾಗಿತ್ತು. ಆದರೆ ಬಡವನು ಹಕ್ಕಿನಿಂದ ಕೇಳಬಹುದಾದ ಕೂಲಿಯಾಗಲಿ ಕಾಳಾಗಲಿ ಅಂದು ಕೇಂದ್ರದ ಕಾನೂನಿನಲ್ಲಿ ಇರಲಿಲ್ಲ.

2020ರ ಮಾರ್ಚ್‌ನಲ್ಲಿ ದೇಶವೇ ಸ್ತಬ್ಧವಾದಾಗ ಬೆಂಗಳೂರಿಗೆ ಗುಳೆ ಹೋಗಿದ್ದವರು ಬರಿಗೈಯಲ್ಲಿ ಊರಿಗೆ ಮರಳಿದರು. ಆ ಹೊತ್ತಿಗೆ 2005ರ ಉದ್ಯೋಗ ಖಾತರಿ ಕಾಯಿದೆಯೂ 2013ರ ಆಹಾರ ಭದ್ರತಾ ಕಾಯಿದೆಯೂ ಇದ್ದವು. ಉದ್ಯೋಗ ಖಾತರಿಯ 61,500 ಕೋಟಿ ರೂಪಾಯಿಗೆ ಇನ್ನೂ 40,000 ಕೋಟಿ ಸೇರಿತು. ನಮ್ಮ ರಾಜ್ಯದಲ್ಲಿ ದಿನಗೂಲಿ 275 ರೂಪಾಯಿಯಾಗಿತ್ತು. ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ ಐದು ಕಿಲೋ ಧಾನ್ಯ ಉಚಿತವಾಗಿ ದೊರೆಯಿತು. ಕಾಲುವೆ ಮೊದಲೇ ತೋಡಿದ್ದರಿಂದ ನೀರು ಹರಿಯಿತು. ಪಡಿತರ ಚೀಟಿಯಿಲ್ಲದ ವಲಸೆ ಕಾರ್ಮಿಕರಿಗಾದರೋ ಎರಡು ತಿಂಗಳ ಧಾನ್ಯ ಘೋಷಣೆಯಾಗಲು ಮೇ ತಿಂಗಳು ಬರಬೇಕಾಯಿತು. ಹಸಿವು ಅಷ್ಟು ದಿನ ಕಾಯುವುದೇ?

ದಾನವು ಕೊಡುವವನ ಔದಾರ್ಯ. ನ್ಯಾಯವು ಪಡೆಯುವವನ ಹಕ್ಕು. ಸಂಕಟ ಬಂದ ಮೇಲೆ ನೀಡುವ ಪರಿಹಾರ ದಾನಕ್ಕೆ ಹತ್ತಿರ. ಸಂಕಟಕ್ಕೆ ಮುನ್ನವೇ ಕಾನೂನಿನಲ್ಲಿ ನಿಂತ ರಕ್ಷಣೆಯೇ ನ್ಯಾಯ.

ಕೊರತೆ ಮಿತಿಮೀರಿದರೆ ಬೆಲೆಯೇರಿಕೆಯಾಗಿ ಬಡವರನ್ನೇ ಸುಡುತ್ತದೆ ಎಂಬ ವಾದ ಅಲ್ಲಗಳೆಯುವಂಥದಲ್ಲ. ಆದರೆ ಮಿತವ್ಯಯವು ಎಲ್ಲರಿಗೂ ಒಂದೇ ಅಳತೆಯದಾಗಿರಬೇಕು. 2019ರಲ್ಲಿ ಕಂಪನಿ ತೆರಿಗೆ ಇಳಿಸಿದಾಗ ವರ್ಷಕ್ಕೆ 1,45,000 ಕೋಟಿ ವರಮಾನ ಕೈಬಿಡುವುದೆಂದು ಸರ್ಕಾರವೇ ಅಂದಾಜಿಸಿತ್ತು. ಇತ್ತ ಉದ್ಯೋಗ ಖಾತರಿಗೆ 2023-24ರ ಮುಂಗಡಪತ್ರದಲ್ಲಿ ಇರಿಸಿದ್ದು 60,000 ಕೋಟಿ, ಅಂದರೆ ಬಿಕ್ಕಟ್ಟಿಗೆ ಮುಂಚೆ ಇದ್ದುದಕ್ಕಿಂತಲೂ ಕಡಿಮೆ.

ಪ್ರಿಯ ವಾಚಕರೇ, ಮಳೆ ಕೈಕೊಟ್ಟ ವರ್ಷ ಕಣಜ ಕಟ್ಟುವ ರೈತನಿಲ್ಲ. ಕೂಲಿ ಹಾಗೂ ಪಡಿತರದ ಹಣವನ್ನು ನೆಮ್ಮದಿಯ ವರ್ಷಗಳಲ್ಲಿಯೇ ಕಾಯ್ದಿಡುವಂತೆ ನಮ್ಮ ಪ್ರತಿನಿಧಿಗಳನ್ನು ಕೇಳೋಣ. ನೆರೆಮನೆಯವರ ಹೆಸರು ಪಡಿತರ ಪಟ್ಟಿಯಲ್ಲಿದೆಯೇ ಎಂಬುದನ್ನು ಅವರು ಗುಳೆ ಹೊರಡುವ ಮೊದಲೇ ನೋಡೋಣ. ಪಟ್ಟಿಯಲ್ಲಿಲ್ಲದವನು ಸಂಕಟದ ದಿನ ಲೆಕ್ಕಕ್ಕೂ ಇರುವುದಿಲ್ಲ.