ಎಂಟು ಸಾವಿರಕ್ಕೆ ಲಕ್ಷದ್ವೀಪ

“ಮಗಾ, ಒಟ್ಟು ಎಷ್ಟಾಯ್ತು?”

2024ರ ಜನವರಿಯಿಂದ ಈಚೆಗೆ ನನ್ನನ್ನು ಜನ ಕೇಳಿರೋ ಪ್ರಶ್ನೆ ಇದೊಂದೇ. ಪ್ರಧಾನಿಗಳು ಲಕ್ಷದ್ವೀಪದಲ್ಲಿ ಸ್ನಾರ್ಕೆಲ್ ಹಾಕ್ಕೊಂಡು ನೀರಿಗಿಳಿದ ಫೋಟೋ ಬಂತು. ಮಾಲ್ಡೀವ್ಸಿನ ಮೂವರು ಉಪಮಂತ್ರಿಗಳು ಅದಕ್ಕೇನೋ ಕೊಂಕು ಮಾತಾಡಿ ಕೆಲಸದಿಂದ ಅಮಾನತಾದರು. ಅಷ್ಟೇ ನೋಡಿ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ದೇಶಭಕ್ತಿಯೂ ಎಕ್ಸೆಲ್ ಶೀಟೂ ಒಟ್ಟಿಗೇ ತೆರೆದುಕೊಂಡವು. ಮಾಲ್ಡೀವ್ಸ್ ಕ್ಯಾನ್ಸಲ್, ಲಕ್ಷದ್ವೀಪಕ್ಕೆ ನಡಿ. ನಮ್ಮ ಟೀಮಿನಲ್ಲಿ ಅಲ್ಲಿಗೆ ಹೋಗಿ ಬಂದಿರೋನು ನಾನೊಬ್ಬನೇ. ಅದೂ ಎಂಟು ಸಾವಿರದ ಇನ್ನೂರು ರೂಪಾಯಿಯಲ್ಲಿ, ಬೆಂಗಳೂರಿನಿಂದ ಬೆಂಗಳೂರಿಗೆ, ಎಂಟು ದಿನ.

ಈ ಎಂಟು ಸಾವಿರದ ಇನ್ನೂರನ್ನು ನಾನು ಎರಡು ವರ್ಷ ಪದಕದ ಥರ ಎದೆಗೆ ಚುಚ್ಚಿಕೊಂಡು ಓಡಾಡಿದ್ದೇನೆ. ಟ್ರಿಪ್ಪಿನ ಮಾತು ಬಂದಲ್ಲೆಲ್ಲ ತೆಗೆದು ತೋರಿಸಿದ್ದೇನೆ. ಈಗ ಅದರ ಲೆಕ್ಕ ಒಪ್ಪಿಸಬೇಕು ಅನ್ನಿಸಿದೆ. ಯಾಕೆಂದರೆ ಆ ಲೆಕ್ಕ ಸುಳ್ಳು. ದುಡ್ಡು ಸುಳ್ಳಲ್ಲ, ಅಷ್ಟೇ ಖರ್ಚಾಗಿದ್ದು ನಿಜ. ಆದರೆ ಖರ್ಚಾಗಿದ್ದು ನನ್ನದು ಮಾತ್ರ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು.

ನಾನು ಹೋಗಿದ್ದು 2022ರ ಮಾರ್ಚಿನಲ್ಲಿ, ಅಮಿನಿದಿವಿ ಗುಂಪಿನ ಒಂದು ದ್ವೀಪಕ್ಕೆ. ಹೆಸರು ಬೇಕಂತಲೇ ಬಿಟ್ಟಿದ್ದೇನೆ, ಕ್ಷಮಿಸಿ. ಮಂಗಳೂರಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನ ಊರು ಅದು. ಲಕ್ಷದ್ವೀಪಕ್ಕೆ ನಮ್ಮ ನಿಮ್ಮಂಥವರು ಸುಮ್ಮನೆ ಬ್ಯಾಗೆತ್ತಿಕೊಂಡು ಹೋಗೋ ಹಾಗಿಲ್ಲ, ಪರ್ಮಿಟ್ ಬೇಕು. ಅದಕ್ಕೆ 1967ರ ನಿಯಮಗಳಿವೆ. ಪೊಲೀಸ್ ಸ್ಟೇಷನ್ನಿನಿಂದ ಕ್ಲಿಯರೆನ್ಸ್ ತರಿಸಿ, ಗೆಳೆಯನ ಮನೆಯವರ ಆಹ್ವಾನದ ಮೇಲೆ ಪರ್ಮಿಟ್ ಮಾಡಿಸಿದೆ. ಕೊಚ್ಚಿಯಿಂದ ಹಡಗು, ಬಂಕ್ ಕ್ಲಾಸ್. ಅಂದರೆ ಕೆಳಗಿನ ಡೆಕ್ಕಿನ ಹಾಲಿನಲ್ಲಿ ಸಾಲಾಗಿ ಜೋಡಿಸಿದ ಮಂಚಗಳು, ಡೀಸೆಲ್ ವಾಸನೆ, ರಾತ್ರಿಯಿಡೀ ಯಾರೋ ಒಬ್ಬರು ವಾಂತಿ ಮಾಡೋ ಸದ್ದು. ಬೆಂಗಳೂರು-ಮಂಗಳೂರು ಸ್ಲೀಪರ್ ಬಸ್ಸಿಗಿಂತ ಕಡಿಮೆ ದರ. ಬೆಳಗ್ಗೆ ಹವಳದ ದಿಬ್ಬದ ಆಚೆಗೇ ಹಡಗು ನಿಲ್ಲುತ್ತೆ. ಅದರ ಪಕ್ಕದ ಬಾಗಿಲಿನಿಂದ, ಮೇಲೆ ಕೆಳಗೆ ಜೀಕುತ್ತಿರೋ ದೋಣಿಗೆ ನೆಗೆಯಬೇಕು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನನಗಿಂತ ಸಲೀಸಾಗಿ ನೆಗೆದರು.

ಆಮೇಲಿನದನ್ನು ವರ್ಣಿಸಲ್ಲ. ಲಗೂನಿನ ಬಣ್ಣ ಎಲ್ಲರಿಗೂ ಗೊತ್ತಿದೆ, ವಾಲ್‌ಪೇಪರಿನಲ್ಲಿ ನೋಡಿದ್ದೀರಿ. ನಾನು ಹೇಳಬೇಕಿರೋದು ಬಿಲ್ಲಿನ ವಿಷಯ.

ಮೊದಲು ಟಿಕೆಟ್. ಅದು ಅಷ್ಟು ಅಗ್ಗ ಯಾಕೆ ಅಂತ ಹೋಗುವಾಗ ನಾನು ಯೋಚಿಸಲೇ ಇಲ್ಲ. ಹಡಗು ನಡೆಸೋ ಖರ್ಚಿಗೂ ಆ ದರಕ್ಕೂ ಸಂಬಂಧವೇ ಇಲ್ಲ. ಮಿಕ್ಕಿದ್ದನ್ನು ಸರ್ಕಾರ ತುಂಬುತ್ತೆ, ಯಾಕಂದ್ರೆ ಆ ಹಡಗು ಅಲ್ಲಿಯ ಜನಕ್ಕೆ ರಸ್ತೆ. ಬಸ್ಸೂ ಅದೇ, ಆಂಬುಲೆನ್ಸೂ ಅದೇ, ಮಗನನ್ನು ಕಾಲೇಜಿಗೆ ಸೇರಿಸೋಕೆ ಹೋಗೋದೂ ಅದರಲ್ಲೇ. ಹತ್ತು ದ್ವೀಪಗಳಲ್ಲಿ ಜನ ಇದ್ದಾರೆ, 2011ರ ಜನಗಣತಿಯಲ್ಲಿ ಸುಮಾರು 64 ಸಾವಿರ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ವಿಮಾನ ಇಳಿಯೋದು ಅಗತ್ತಿಯಲ್ಲಿ ಮಾತ್ರ. ಉಳಿದವರಿಗೆ ಈ ಹಡಗುಗಳೇ ಗತಿ, ತೀರಾ ಎಮರ್ಜೆನ್ಸಿ ಆದ್ರೆ ಹೆಲಿಕಾಪ್ಟರ್. ನಾನು ಹೋಗೋ ಹೊತ್ತಿಗೆ ಹಡಗುಗಳಿಗೂ ಬರ. 2021ರ ಡಿಸೆಂಬರಿನಲ್ಲಿ, 700 ಜನರನ್ನು ಹೊರೋ ‘ಎಂವಿ ಕವರತ್ತಿ’ಯ ಎಂಜಿನ್ ರೂಮಿಗೆ ನಡುಸಮುದ್ರದಲ್ಲೇ ಬೆಂಕಿ ಬಿದ್ದು ಅದು ರಿಪೇರಿಗೆ ಹೋಗಿತ್ತು. ನಾನು ಅದನ್ನೆಲ್ಲ ಸುದ್ದಿಯಲ್ಲಿ ಓದಿದ್ದೆ, ಓದಿ ಸ್ಕ್ರೋಲ್ ಮಾಡಿದ್ದೆ.

ಐದನೇ ದಿನ ವಾಪಸ್ ಬರಬೇಕಿತ್ತು. ಹಡಗಿಲ್ಲ. ಆರನೇ ದಿನವೂ ಇಲ್ಲ. ಏಳನೇ ದಿನ ಬರುತ್ತೆ ಅಂತ ಗೊತ್ತಾದಾಗ ಗೆಳೆಯ ರಾತ್ರಿ ಎರಡು ಗಂಟೆಗೇ ಎದ್ದು ಹೋಗಿ ಟಿಕೆಟ್ ಕೌಂಟರಿನ ಮುಂದೆ ಚಪ್ಪಲಿ ಇಟ್ಟು ಜಾಗ ಹಿಡಿದ. ನಾನು ಬೆಳಗ್ಗೆ ಚಾ ಕುಡಿದು ಆರಾಮಾಗಿ ಹೋಗಿ ಅವನ ಜಾಗದಲ್ಲಿ ನಿಂತೆ. ನನ್ನ ಹಿಂದೆ ಇದ್ದವನು ನನ್ನ ವಯಸ್ಸಿನವನೇ. ಅವನ ಅಪ್ಪ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು, ಕಾಲು ಊದಿತ್ತು, ಮಡಿಲಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. ಕೊಚ್ಚಿಯ ಆಸ್ಪತ್ರೆಯಲ್ಲಿ ಡಾಕ್ಟರು ತಾರೀಕು ಕೊಟ್ಟಿದ್ದಾರೆ ಅಂದ. ಕೌಂಟರಿನಲ್ಲಿ ನನಗೆ ಟಿಕೆಟ್ ಸಿಕ್ಕಿತು. ನನ್ನ ನಂತರ ಒಂದೇ ಒಂದು ಬಂಕ್ ಉಳಿದಿತ್ತು. ಅವರಿಗೆ ಬೇಕಿದ್ದಿದ್ದು ಎರಡು.

ಅವನು ಜಗಳ ಆಡಿದ್ದರೆ ಚೆನ್ನಾಗಿರ್ತಿತ್ತು. ಆಡಲಿಲ್ಲ. ನನ್ನ ಕಡೆ ನೋಡಿ ಅವರ ಮಲಯಾಳದಲ್ಲಿ, “ನಿಮಗೆ ಆಫೀಸಿದೆಯಲ್ಲ, ಹೋಗಿ” ಅಂದ. ಅಲ್ಲಿಯ ಭಾಷೆ ನನಗೆ ಅರ್ಧಂಬರ್ಧ ಅರ್ಥ ಆಗೋದು, ಈ ವಾಕ್ಯ ಮಾತ್ರ ಪೂರ್ತಿ ಅರ್ಥ ಆಯ್ತು. ನಾನೇನು ಮಾಡಿದೆ? ಸೋಮವಾರ ರಿಲೀಸ್ ಇತ್ತು. ಮ್ಯಾನೇಜರಿಗೆ ಆಗಲೇ ಎರಡು ಸಲ ರಜೆ ಮುಂದಕ್ಕೆ ಹಾಕಿಸಿದ್ದೆ. ಟಿಕೆಟ್ ಮಡಚಿ ಜೇಬಿಗಿಟ್ಟುಕೊಂಡೆ. ಅಪ್ಪನನ್ನು ಒಬ್ಬರನ್ನೇ ಕಳಿಸೋ ಹಾಗಿರಲಿಲ್ಲ, ಹಾಗಾಗಿ ಇಬ್ಬರೂ ಉಳಿದರು. ಮುಂದೇನಾಯ್ತು ಅಂತ ಗೆಳೆಯನನ್ನು ಕೇಳೋ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಆ ರಿಲೀಸ್ ಎರಡು ವಾರ ಮುಂದಕ್ಕೆ ಹೋಯ್ತು. ಬಿಡಿ.

ಇನ್ನು ಮಿಕ್ಕ ಬಿಲ್ಲು. ಇರೋಕೆ ಖರ್ಚು ಸೊನ್ನೆ, ಗೆಳೆಯನ ಮನೆ. ಊಟ ಸೊನ್ನೆ. ಅವನಮ್ಮ ದಿನಕ್ಕೆ ಮೂರು ಹೊತ್ತು ಚೂರೆ ಮೀನು ಮಾಡಿ ಬಡಿಸಿದರು, ಮೀನು ಅಲ್ಲಿಯದೇ. ಆದರೆ ಅಕ್ಕಿ? ತರಕಾರಿ? ಈರುಳ್ಳಿ? ಅದೆಲ್ಲ ಬರೋದು ನಮ್ಮ ಮಂಗಳೂರಿನ ಹಳೇ ಬಂದರಿನಿಂದ, ಮಂಜಿಗಳಲ್ಲಿ. ಸಿಮೆಂಟಿನಿಂದ ಬದನೆಕಾಯಿಯವರೆಗೆ ಎಲ್ಲ ಸಮುದ್ರ ದಾಟಿ ಬರಬೇಕು. ಕರೆಂಟಿಗೂ ಹೆಚ್ಚಾಗಿ ಡೀಸೆಲ್ ಜನರೇಟರೇ, ಆ ಡೀಸೆಲ್ಲೂ ಹಡಗಿನಲ್ಲೇ. ನೀರಿನ ಕಥೆ ಇನ್ನೂ ವಿಚಿತ್ರ. ಹವಳದ ಮರಳಿನ ಕೆಳಗೆ, ಉಪ್ಪು ನೀರಿನ ಮೇಲೆ ತೇಲೋ ಹಾಗೆ ಮಳೆನೀರಿನ ತೆಳ್ಳನೆ ಪದರ ನಿಂತಿರುತ್ತೆ. ಬಾವಿಯಲ್ಲಿ ಸಿಗೋ ಸಿಹಿನೀರು ಅಂದ್ರೆ ಅದೇ. ಪಂಪ್ ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿ ಮಾಡೋ ಘಟಕ ಇದೆ, ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯ ಬೆಳಗಾಗೆದ್ದು ಫ್ಲಶ್ ಮಾಡಿ ಮುಗಿಸೋಷ್ಟು ನೀರು ಅದು. ನಾನು ಲಗೂನಿನಿಂದ ಬಂದು ಮೈಮೇಲಿನ ಉಪ್ಪು ಹೋಗ್ಲಿ ಅಂತ ದಿನಕ್ಕೆರಡು ಸಲ ಸ್ನಾನ ಮಾಡ್ತಿದ್ದೆ. ಯಾರೂ ಏನೂ ಅನ್ನಲಿಲ್ಲ, ಅತಿಥಿ ಅಲ್ವಾ.

ಹೀಗಾಗಿ ನನ್ನ ಎಂಟು ಸಾವಿರದ ಟ್ರಿಪ್ಪಿಗೆ ಯಾರ್ಯಾರೋ ದುಡ್ಡು ಕೊಟ್ಟಿದ್ದಾರೆ. ನಾವು ‘ಬಜೆಟ್ ಟ್ರಾವೆಲ್’ ಅಂತ ಹೆಮ್ಮೆಯಿಂದ ಕರೆಯೋದು ಬಹಳ ಸಲ ಇದನ್ನೇ. ಬಡವರಿಗೆ ಅಂತ ಇಟ್ಟಿರೋ ದರದಲ್ಲಿ ಬಡವರಲ್ಲದವರು ಓಡಾಡೋದು, ಆಮೇಲೆ ಅದನ್ನು ಜಾಣತನ ಅನ್ನೋದು. ತಿಂಗಳಿಗೆ ಲಕ್ಷದ ಹತ್ತಿರ ಸಂಬಳ ತಗೊಳ್ಳೋ ನಾನು ಬಂಕ್ ಕ್ಲಾಸಿನಲ್ಲಿ ಹೋಗಿ ‘ಲೋಕಲ್ಸ್ ಥರ ಟ್ರಾವೆಲ್ ಮಾಡಿದೆ’ ಅಂತ ಬರ್ಕೊಂಡಿದ್ದೆ. ಲೋಕಲ್ಸಿಗೇ ಆವತ್ತು ಟ್ರಾವೆಲ್ ಮಾಡೋಕಾಗಲಿಲ್ಲ ಅನ್ನೋದನ್ನು ಬರೆಯಲಿಲ್ಲ.

ಇದನ್ನು ಕ್ಯಾಂಟೀನಿನಲ್ಲಿ ಹೇಳಿದಾಗ ಒಬ್ಬಳು ಗೆಳತಿ ಸರಿಯಾಗೇ ತಿರುಗಿಬಿದ್ದಳು. “ಹಾಗಾದ್ರೆ ದುಡ್ಡಿರೋರು ಮಾತ್ರ ಹೋಗ್ಬೇಕಾ? ನಮ್ಮಪ್ಪ ಕೆಎಸ್ಸಾರ್ಟಿಸಿ ಕಂಡಕ್ಟರು. ನಾನು ಸಮುದ್ರ ನೋಡೋದು ಬೇಡ್ವಾ?” ಪ್ರಶ್ನೆ ನ್ಯಾಯವಾದದ್ದೇ. ದುಬಾರಿ ಟೂರಿಸಂ ಒಳ್ಳೇದು, ಅಗ್ಗದ್ದು ಕೆಟ್ಟದ್ದು ಅನ್ನೋ ವಾದಕ್ಕೆ ನಾನು ಬರ್ತಿಲ್ಲ. ಆ ವಾದ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಗೊತ್ತಿದೆ. ಕದ್ಮತ್, ಮಿನಿಕಾಯ್, ಸುಹೇಲಿಗಳಲ್ಲಿ ನೀರಿನ ಮೇಲೆ ವಿಲ್ಲಾ ಕಟ್ಟೋಕೆ 2021ರಲ್ಲೇ ಟೆಂಡರ್ ಕರೆದಿದ್ದಾರೆ. ಕೋಣೆಗೊಂದು ಪುಟ್ಟ ಈಜುಕೊಳ ಇಟ್ಟುಕೊಂಡು ‘ಪರಿಸರಸ್ನೇಹಿ’ ಅನ್ನೋ ಸಾಹಸ ಅಲ್ಲಿಂದಲೇ ಶುರುವಾಗೋದು. 1998, 2010, 2016, ಮತ್ತೆ 2024, ಇಷ್ಟು ಸಲ ಸಮುದ್ರ ಬಿಸಿಯಾಗಿ ಅಲ್ಲಿಯ ಹವಳ ಬೆಳ್ಳಗಾಗಿದೆ. ಬಂಗಾರಂ ಸುತ್ತಲಿನ ಪರಳಿ-1 ಅನ್ನೋ ಜನವಸತಿಯಿಲ್ಲದ ಪುಟ್ಟ ದ್ವೀಪವಂತೂ ಸವೆದು ಸವೆದು ಇಲ್ಲವಾಗಿದೆ. ಅದೇ ‘ಪರಳಿ’ ಹೆಸರಿನ ಹೈಸ್ಪೀಡ್ ಹಡಗು 2024ರ ಮೇನಲ್ಲಿ ಮಂಗಳೂರಿಗೆ ಬಂದಾಗ ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಮಂಗಳೂರಿನವನಲ್ವಾ.

ಗೆಳತಿಗೆ ನಾನು ಕೊಟ್ಟ ಉತ್ತರ ಮಾಲ್ಡೀವ್ಸಿನದು. ಹೌದು, ನಾವು ಬಹಿಷ್ಕರಿಸಿದ ಅದೇ ಮಾಲ್ಡೀವ್ಸ್! ದಶಕಗಳ ಕಾಲ ಅಲ್ಲಿ ಪ್ರವಾಸಿಗರು ರೆಸಾರ್ಟ್ ದ್ವೀಪಗಳಲ್ಲಿ ಮಾತ್ರ ಇರಬೇಕಿತ್ತು. ದುಡ್ಡು ಕೆಲವೇ ಮಾಲೀಕರ ಜೇಬಿಗೆ. 2009-10ರ ಹೊತ್ತಿಗೆ ಜನ ಇರೋ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸೋಕೆ ಬಿಟ್ಟರು. ಮಾಫುಷಿಯಂಥ ಊರುಗಳಲ್ಲಿ ಅಲ್ಲಿಯವರೇ ಮನೆ ಮೇಲೆ ಎರಡು ರೂಮು ಹಾಕಿ ಬಾಡಿಗೆಗೆ ಕೊಟ್ಟರು. ಅಗ್ಗದ ಪ್ರವಾಸ ಅಲ್ಲೂ ಬಂತು, ಆದರೆ ಆ ಸಣ್ಣ ದುಡ್ಡು ಹೋಗಿದ್ದು ಊರಿನವರಿಗೆ. ಮಾಫುಷಿ ಈಗ ಕಿಕ್ಕಿರಿದು ಹೋಗಿದೆ ಅನ್ನೋದೂ ನಿಜ, ಅದನ್ನು ಮುಚ್ಚಿಡಲ್ಲ. ನಮ್ಮ ಲಕ್ಷದ್ವೀಪದಲ್ಲೂ ಹೋಂಸ್ಟೇಗಳಿವೆ. 2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾಯ್ತು. ಅದರಲ್ಲಿ ಹೋಗಿ, ಅಗತ್ತಿಯಲ್ಲೇ ಇರಿ, ಮನೆಯವರು ಕೇಳಿದಷ್ಟು ಬಾಡಿಗೆ ಕೊಡಿ. ಎಂಟು ಸಾವಿರಕ್ಕಾಗಲ್ಲ, ಅದರ ನಾಲ್ಕೈದು ಪಟ್ಟು ಆಗಬಹುದು. ಒಂದು ವರ್ಷ ದುಡ್ಡು ಕೂಡಿಡಿ, ಏನೀಗ? ಹಡಗಿನಲ್ಲೇ ಹೋಗೋ ಆಸೆ ಇದ್ದರೆ ದುಡ್ಡಿನ ಬದಲು ದಿನಗಳನ್ನು ಇಟ್ಟುಕೊಂಡು ಹೋಗಿ. ಹಿಂದೆ ನಿಂತವರು ಆಸ್ಪತ್ರೆಗೆ ಹೊರಟಿದ್ದರೆ ಟಿಕೆಟ್ ಬಿಟ್ಟುಕೊಟ್ಟು ಮುಂದಿನ ಹಡಗಿಗೆ ಕಾಯೋಷ್ಟು ರಜೆ ಇರಬೇಕು. ಗುರುವಾರ ಹೊರಟು ಸೋಮವಾರ ಸ್ಟ್ಯಾಂಡಪ್ ಮೀಟಿಂಗಿಗೆ ಬರ್ತೀನಿ ಅನ್ನೋರು ದಯವಿಟ್ಟು ಮಲ್ಪೆಯಿಂದ ಸೇಂಟ್ ಮೇರಿಸ್‌ಗೆ ಹೋಗಿ. ಅದೂ ದ್ವೀಪವೇ, ಪ್ಲಾಸ್ಟಿಕ್ ಬಾಟಲು ಮಾತ್ರ ವಾಪಸ್ ತನ್ನಿ.

ಇನ್ನೊಂದು ವಿಷಯ. ಕನ್ನಡಿಗರಿಗೆ ಈ ದ್ವೀಪಗಳು ದೂರದವಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದೂ ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವು. ಮಂಗಳೂರಿನಲ್ಲಿ ಕೂತ ಕಲೆಕ್ಟರೇ ಅವರಿಗೂ ಕಲೆಕ್ಟರು. 1956ರ ನವೆಂಬರ್ 1, ನಾವು ರಾಜ್ಯೋತ್ಸವ ಅಂತ ಬಾವುಟ ಹಾರಿಸೋ ಆ ದಿನವೇ, ಅವು ನಮ್ಮ ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಹೋದವು. ಅದಕ್ಕೂ ಮೊದಲು ಅಲ್ಲಿಯವರು ಹೊಸೆದ ತೆಂಗಿನ ನಾರಿನ ಹುರಿಯೆಲ್ಲ ಮಂಗಳೂರಿಗೇ ಬರಬೇಕಿತ್ತು. ಸರ್ಕಾರವೇ ಕೊಳ್ಳೋದು, ದರ ಗೊತ್ತುಮಾಡೋದೂ ಸರ್ಕಾರವೇ, ಬದಲಿಗೆ ಅಕ್ಕಿ. ಅವರ ಶ್ರಮವನ್ನು ನಮಗೆ ಬೇಕಾದ ರೇಟಿಗೆ ತಗೊಳ್ಳೋದು ನಮಗೆ ಹೊಸದೇನಲ್ಲ.

ಮೊನ್ನೆ ಗೆಳೆಯ ಫೋನ್ ಮಾಡಿದ್ದ. ಮಂಗಳೂರಿಗೆ ಬಂದಿದ್ದಾನೆ. ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿದೆ, ಚೆನ್ನಾಗಿದ್ದಾರೆ. ಹಡಗು ಮಾತ್ರ ಹೊರಟಿಲ್ಲ, ಗಾಳಿ ಅಂತೆ. ಒಂಬತ್ತು ದಿನದಿಂದ ಲಾಡ್ಜಿನಲ್ಲಿದ್ದಾರೆ. “ಆಸ್ಪತ್ರೆ ಹತ್ತಿರ ಇದಕ್ಕಿಂತ ಕಡಿಮೆ ದರದ್ದು ಯಾವುದಾದ್ರೂ ಇದ್ರೆ ಹೇಳೋ, ಬಜೆಟ್ ಮುಗೀತಾ ಬಂತು” ಅಂದ. ಲಾಡ್ಜಿನದ್ದೇ ಇಲ್ಲಿಯವರೆಗೆ ಎಷ್ಟಾಯ್ತು ಅಂತ ಕೇಳಿದೆ.

ಹನ್ನೊಂದು ಸಾವಿರ ಅಂದ.